ಬಿಟ್ಟೆನೋ ಬಿಗಿದೆನೋ

ಮಳೆಗೆ ಬೆನ್ನು ಒದ್ದೆಯಾಯಿತು, ಅಂದರೆ ಗಾಳಿ ಇನ್ನೂ ಹಿಂದಿನಿಂದಲೇ ಬೀಸುತ್ತಿದೆ, ಹಾಗೇ ಬೀಸಲಿ — ಅರ್ಧ ಕಟ್ಟಿದ ಕಟ್ಟಡದ ಕಂಬಕ್ಕೆ ಭುಜ ಆನಿಸಿಕೊಂಡು ಅವನು ಮೇಲಕ್ಕೇ ನೋಡುತ್ತಿದ್ದ, ಐದು ನಿಮಿಷದ ಹಿಂದೆ ತಾನೇ ಇಳಿದು ಬಂದ ಕ್ರೇನು, ಅದರ ಉದ್ದನೆಯ ತೋಳು ರಸ್ತೆಯಾಚೆ ಚಾಚಿಕೊಂಡಿದೆ, ತೋಳಿನ ಕೆಳಗೆ ತಗಡಿನ ಮಾಡಿನ ಹೊಲಿಗೆ ಅಂಗಡಿ, ಅಂಗಡಿಯೊಳಗೆ ಹೆಂಡತಿ, ಜೊತೆಗೆ ಹೊಲಿಯುವ ಹುಡುಗಿಯರು. ಮೂರೂವರೆಗೆ ಕಣ್ಣು ಬಿಡಲಾರದ ಬಿಸಿಲು, ಮೂರು ಮುಕ್ಕಾಲಿಗೆ ಆಕಾಶವೆಲ್ಲ ಮಸಿ, ಕ್ಯಾಬಿನ್ನು ತೊಟ್ಟಿಲಿನಂತೆ ತೂಗಿದಾಗ ಜೀವ ಬಾಯಿಗೆ ಬಂದು ದಡದಡ ಇಳಿದದ್ದು ನೆನಪಿದೆ, ಕಾಲು ಜಾರಿದ ಮೆಟ್ಟಿಲು ನೆನಪಿದೆ, ಕ್ಯಾಬಿನ್ನಿನ ಬಾಗಿಲು ಹಾಕಿದ್ದೂ ನೆನಪಿದೆ, ಬ್ರೇಕ್ ಮಾತ್ರ — ಬಿಟ್ಟೆನೋ, ಬಿಗಿದೆನೋ. ತೋಳಿನ ಬ್ರೇಕ್ ಬಿಟ್ಟೇ ಇಳಿಯಬೇಕು, ಗಾಳಿ ಅತ್ತ ಬೀಸಿದರೆ ತೋಳು ಅತ್ತ ತಿರುಗಬೇಕು, ಇತ್ತ ಬೀಸಿದರೆ ಇತ್ತ, ತಿರುಗದೆ ಅಡ್ಡ ನಿಂತಿತೋ ಬುಡಸಮೇತ ಉರುಳುತ್ತದೆ. ಕೆಲಸ ಕಲಿಸಿದ ಸೋದರಮಾವ ಸಾವಿರ ಸಲ ಹೇಳಿದ್ದ, ಊರಿಗೆಲ್ಲ ಬಿಗಿಯೋದು ಭದ್ರ ಕಣೋ, ನಮಗೆ ಸಡಿಲ ಬಿಡೋದು ಭದ್ರ. ಹದಿನೇಳು ವರ್ಷ ತಪ್ಪದ ಕೈ ಇವತ್ತು ತಪ್ಪೀತೇ, ತಪ್ಪೀತು, ಹೆದರಿದ ಕೈ ಮೊದಲು ಬಿಗಿಯುತ್ತದೆ, ಈ ಕೈಯಂತೂ ಹುಟ್ಟಾ ಬಿಗಿಯುವ ಕೈ, ಸಕ್ಕರೆ ಡಬ್ಬಿಯ ಮುಚ್ಚಳ, ನೀರಿನ ಬಾಟಲಿ, ಬಚ್ಚಲ ನಲ್ಲಿ, ಬೆಳಿಗ್ಗೆಯೂ ಅದೇ ರಾಗ, ನೀವು ತಿರುಗಿಸಿದ ನಲ್ಲಿ ತೆಗೆಯೋಕೆ ಇನ್ನೊಬ್ಬ ಗಂಡಸು ಬೇಕು ರೀ, ಅಂದಳು, ಹುಡುಕ್ಕೋ ಹೋಗು, ಅಂದ, ಅವಳು ನಗಲಿಲ್ಲ, ಅವನ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಹೋದಳು. ಈಗ ಅವಳ ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಮುನಿಸೋ, ತಗಡಿನ ಮೇಲೆ ಆಲಿಕಲ್ಲಿನ ಸದ್ದೋ, ಯಾವುದೆಂದು ತಿಳಿಯುವುದು.

ಬ್ರೇಕ್ ಬಿಟ್ಟು ತಾನೇ ನೀನು ಇಳಿದದ್ದು, ಮೇಸ್ತ್ರಿ ಕಿವಿಯ ಹತ್ತಿರ ಬಂದು ಕೇಳಿದ, ಹೂಂ ಅಂದ, ಅಂದವನೇ ಏಣಿಯ ಕಡೆ ತಿರುಗಿದ, ಗೊತ್ತಿಲ್ಲ ಮೇಸ್ತ್ರಿ, ಹತ್ತಿ ನೋಡ್ಕೊಂಡು ಬಂದ್ಬಿಡ್ತೀನಿ, ಮೇಸ್ತ್ರಿ ಕಾಲರ್ ಹಿಡಿದ, ತಲೆ ಕೆಟ್ಟಿದ್ಯಾ ನಿಂಗೆ, ಮಿಂಚು ಕಾಣಿಸ್ತಿಲ್ವಾ, ಕಬ್ಬಿಣದ ಏಣಿ ಅದು, ಗಾಳಿ ತಿರುಗಲಿ ಇರು, ಆಗ ತಾನಾಗೇ ಗೊತ್ತಾಗುತ್ತೆ. ನಿಜ, ಈಗ ಗಾಳಿಯೂ ಅಂಗಡಿಯ ಕಡೆಗೆ, ತೋಳೂ ಅಂಗಡಿಯ ಕಡೆಗೆ, ಬಿಟ್ಟಿದ್ದರೂ ಹೀಗೇ ಇರುತ್ತಿತ್ತು, ಬಿಗಿದಿದ್ದರೂ ಹೀಗೇ, ಗಾಳಿ ತಿರುಗಿದರೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಓಡುವುದಕ್ಕೆ ಹೊತ್ತೆಲ್ಲಿ — ಕಾಲರಿನ ಗುಂಡಿ ಕಿತ್ತುಬಂತು, ಬರಲಿ, ಅವಳೇ ಹೊಲಿಯುತ್ತಾಳೆ, ಬೈದುಕೊಂಡು ಹೊಲಿಯುತ್ತಾಳೆ, ಅವನು ರಸ್ತೆಗೆ ಬಿದ್ದು ಓಡಿದ, ಮೊಣಕಾಲುದ್ದ ಕೆಂಪು ನೀರು, ಚಪ್ಪಲಿ ಒಂದು ಹೋಯಿತು, ನಡುರಸ್ತೆಯಲ್ಲಿ ಬಲಗೆನ್ನೆಗೆ ಆಲಿಕಲ್ಲು ರಪ್ಪನೆ ಬಡಿಯಿತು, ಬೆನ್ನಿಗಲ್ಲ, ಕೆನ್ನೆಗೆ. ಮೇಲೆ ನೋಡಲಿಲ್ಲ, ನೋಡಿದರೆ ಕಾಲು ಏಳುವುದಿಲ್ಲ ಎಂದು ಗೊತ್ತಿತ್ತು, ಅಂಗಡಿಯ ಷಟರ್ ನೆಲದವರೆಗೆ ಎಳೆದಿದೆ, ಎರಡೂ ಕೈಯಲ್ಲಿ ಗುದ್ದಿದ, ನಾನು ಕಣೇ, ತೆಗಿ, ಎಲ್ರೂ ಹೊರಗೆ ಬನ್ನಿ.

ರೀ, ನೀವಾ, ಒಳಗಿನಿಂದ ಅವಳ ದನಿ, ಬೆಳಿಗ್ಗೆಯ ಸಿಟ್ಟು ಅದರಲ್ಲಿ ಎಳ್ಳಷ್ಟೂ ಇಲ್ಲ, ಅದನ್ನು ಕೇಳಿಯೇ ಅವನಿಗೆ ಅಳು ಬಂತು, ಅಯ್ಯೋ ಈ ಮಳೇಲಿ ಯಾಕ್ರೀ ಬಂದ್ರಿ, ನಾವು ಭದ್ರವಾಗಿದ್ದೀವಿ, ಚಿಲಕ ಎಲ್ಲಾ ಬಿಗಿಯಾಗಿ ಹಾಕ್ಕೊಂಡಿದ್ದೀವಿ, ತಡೀರಿ, ತೆಗೀತೀನಿ, ಬರ್ತಿಲ್ಲ, ತಡೀರಿ — ಬೇಗ ತೆಗಿಯೇ, ಅನ್ನುತ್ತ ಅವನು ಕತ್ತೆತ್ತಿದ, ರಸ್ತೆಯ ಮರಗಳೆಲ್ಲ ಎಡಕ್ಕೆ ಬಾಗಿದ್ದವು, ಕ್ರೇನಿನ ಕೊಕ್ಕೆ ಎಡಕ್ಕೆ ಹಾರಿ ತಂತಿಯಲ್ಲಿ ಜಗ್ಗುತ್ತಿತ್ತು, ಮಳೆಯೇ ಎಡಕ್ಕೆ ಮಲಗಿತ್ತು, ತೋಳು ತಿರುಗಲಿಲ್ಲ, ಇನ್ನೊಂದು ಚಿಲಕ ಅಷ್ಟೇ ರೀ, ತೋಳು ತಿರುಗಲಿಲ್ಲ, ಅವಳ ಮಾಡಿನ ಮೇಲೆ ಅಲ್ಲೇ, ನೆಟ್ಟಗೆ, ತೋಳು