ಮಲಿಕ್ ಓಶಾನಾ ಕೊಡದ ಬಂದೂಕು

"ಏಯ್ ರುದ್ರವ್ವ, ನಿಮ್ಮೂರ್ ಎಮ್ಮೆ ನಿನಗಿಂತ ಫಾಸ್ಟಾಗಿ ನಡೆಯುತ್ತೆ ಅಲ್ವಾ? ಟಾರ್ಗೆಟ್‌ನಲ್ಲಿ ಎಪ್ಪತ್ತೆಂಟೇ ಪರ್ಸೆಂಟ್. ಥೂ, ನಾಚಿಕೆ ಆಗಲ್ವಾ?"

ತ್ರಿವಿಕ್ರಮ ಮೈಸೂರಿನವನು, ಓದಿದವನು, ಸಿಡ್ನಿಗೂ ದೂರದ ಟ್ರುಗನಿನಾದ ಈ ಗೋದಾಮಿಗೆ ಸೂಪರ್‌ವೈಸರ್. ಸವದತ್ತಿ ಕಡೆಯ ನಾನು, ಕಿವಿಗೆ ಸಿಕ್ಕಿಸಿದ ಯಂತ್ರ ಹೇಳಿದ ಕಪಾಟಿನಿಂದ ಪೆಟ್ಟಿಗೆ ಇಳಿಸುವವಳು. ಯಂತ್ರಕ್ಕೂ ಅವನಿಗೂ ಇರುವುದು ಒಂದೇ ವ್ಯತ್ಯಾಸ: ಯಂತ್ರ ಪ್ಲೀಸ್ ಅನ್ನುತ್ತದೆ.

ಅವತ್ತು ಫೆಬ್ರುವರಿಯ ಕೊನೆ, ತಗಡಿನ ಕೆಳಗೆ ನಲವತ್ತೊಂದು ಡಿಗ್ರಿ. ಅವನು ನನ್ನನ್ನು ಬೈಯುತ್ತಿರುವಾಗಲೇ ಪಕ್ಕದ ಸಾಲಿನಲ್ಲಿ ಬಾದಾಮಿಯ ಸರಸ್ವತಿ ದೊಪ್ಪನೆ ಬಿದ್ದಳು.

"ಎತ್ರೋ ಅವಳನ್ನ. ಗೇಟ್ ಹೊರಗೆ ಬಸ್ ಸ್ಟಾಪಲ್ಲಿ ಮಲಗ್ಸಿ. ಒಳಗೆ ಬಿದ್ಲು ಅಂದ್ರೆ ಪೇಪರ್‌ವರ್ಕ್ ಯಾರ್ ಮಾಡ್ತಾರೆ, ನಿಮ್ಮಪ್ಪ ಮಾಡ್ತಾನಾ?"

ಇಬ್ಬರು ರಟ್ಟೆ ಹಿಡಿದು ಎಳೆದರು. ನಾನು ತಡೆಯಲಿಲ್ಲ. ಅವನು ಅತ್ತ ತಿರುಗಿದೊಡನೆ ಕಪಾಟಿನ ಸಂದಿಯಿಂದ ಫೋನ್ ಹಿಡಿದು, ಅವನ ಮಾತೆಲ್ಲ ಸೇರಿ ವಿಡಿಯೋ ಮಾಡಿದ್ದೆ; ನನ್ನ ಶೌರ್ಯ ಅಷ್ಟೇ. ಆಂಬುಲೆನ್ಸ್ ಕರೆದವರು ಯಾರೋ ದಾರಿಹೋಕರು. ಕಿಡ್ನಿ ಕೈಕೊಟ್ಟು ಸರಸ್ವತಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಕಂಪನಿಯ ವರದಿಯ ಪ್ರಕಾರ ಆಕೆ ಬಸ್ ಕಾಯುತ್ತಾ ಕುಸಿದ ಒಬ್ಬ ಸಾರ್ವಜನಿಕ ಮಹಿಳೆ. ಎರಡು ವರ್ಷ ಬೆನ್ನು ಮುರಿದು ದುಡಿದದ್ದಕ್ಕೆ ಸಿಕ್ಕ ಬಡ್ತಿ ಅದು.

ನನ್ನ ಬಳಿ ವಿಡಿಯೋ ಇದೆಯೆಂಬ ವಾಸನೆ ತ್ರಿವಿಕ್ರಮನ ಮೂಗಿಗೆ ಹೇಗೋ ಬಡಿಯಿತು. ಮರುದಿನದಿಂದ ನಾನು ಎಮ್ಮೆಯಲ್ಲ.

"ರುದ್ರವ್ವನವರೇ, ಕೂತ್ಕೊಳಿ. ಕಾಫಿ ತಗೊಳಿ. ನಾವ್ ನಾವು ಕನ್ನಡದವರು. ಫೋನ್ ಕೊಡಿ, ನಾನೇ ಡಿಲೀಟ್ ಮಾಡ್ತೀನಿ. ನಿಮ್ಮನ್ನ ಪರ್ಮನೆಂಟ್ ಮಾಡ್ಸೋದು, ಪಿಆರ್‌ಗೆ ಲೆಟರ್ ಕೊಡ್ಸೋದು ನನ್ ಜವಾಬ್ದಾರಿ. ನೀವು ಸೇಫ್."

"ಸರಸ್ವತಿಗೇನ್ರಿ ಸರ?"

"ಅವಳಿಗೆ ದೇವರಿದಾನೆ. ಹಾರ್ಮನಿ ಡೇ ವರೆಗೆ ಯೋಚನೆ ಮಾಡಿ."

ಪಿಆರ್ ಸಿಕ್ಕರೆ ಈ ದೇಶದಿಂದ ನನ್ನನ್ನು ಯಾರೂ ಎಬ್ಬಿಸುವಂತಿಲ್ಲ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ನಾಲ್ಕೈದು ಸಲ ನಾನೇ ಡಿಲೀಟ್ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ.

ಹಾರ್ಮನಿ ಡೇ ಎಂದರೆ ಮಾರ್ಚಿನಲ್ಲಿ ಬರುವ ಸೌಹಾರ್ದದ ಹಬ್ಬ. ಅಂದು ನಾವೆಲ್ಲ ನಮ್ಮ ನಮ್ಮ ಉಡುಪು ತೊಟ್ಟು, ಅಡುಗೆ ತಂದು, ನಮ್ಮ ಜನಾಂಗದ ಒಬ್ಬ ವೀರನ ಬಗ್ಗೆ ಎರಡು ನಿಮಿಷ ಸಂತೋಷವಾಗಿ ಮಾತಾಡಬೇಕು. ನನ್ನ ಇಳಕಲ್ ಸೀರೆಯ ಮೇಲೆ ಸುರಕ್ಷತೆಗೆಂದು ಹಳದಿ ಜಾಕೆಟ್ ಹಾಕಿಸಿದರು. ಸಿಡ್ನಿಯ ಚಾಟ್ಸ್‌ವುಡ್‌ನ ಹೆಡ್ ಆಫೀಸಿನಿಂದ ತ್ರಿವಿಕ್ರಮನಿಗೂ ಮೇಲಿನ ಮೆಲಿಸ್ಸಾ ಮೇಡಂ ವಿಮಾನ ಹತ್ತಿ ಬಂದಿದ್ದರು, ನಮ್ಮ ಜೊತೆ ಸಮೋಸಾ ತಿನ್ನಲು.

ಮೊದಲು ಎದ್ದವನು ಫೋರ್ಕ್‌ಲಿಫ್ಟ್ ಓಡಿಸುವ ಶಿಮೋನಜ್ಜ. ಇರಾಕಿನ ಅಸಿರಿಯನ್; ಸಾವಿರಾರು ವರ್ಷ ಅಲ್ಲೇ ಬಾಳಿಯೂ ತಮ್ಮದೆನ್ನುವ ನಾಡಿಲ್ಲದ ಕ್ರೈಸ್ತ ಜನ ಅವರು. ಅವನು ತಂದಿದ್ದು ತನ್ನ ತಾಯಿಯ ತಂದೆ ಮಲಿಕ್ ಓಶಾನಾನ ಫೋಟೊ: ದಪ್ಪ ಮೀಸೆ, ಎದೆಗೆ ಗುಂಡಿನ ಪಟ್ಟಿ, ಕೈಯಲ್ಲಿ ಬಂದೂಕು. ಮಲಿಕ್ ಎಂದರೆ ಅವರಲ್ಲಿ ಕುಲದ ಮುಖಂಡ. ಸಿಡ್ನಿಯಲ್ಲಿರುವ ಅವನ ಕುಲದವರು ಪ್ರತಿ ಆಗಸ್ಟಿನಲ್ಲಿ ಈ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ ಭಾಷಣ ಮಾಡುತ್ತಾರಂತೆ. ಮೊಮ್ಮಗ ಇಲ್ಲಿ ನಾಯಿ ಬಿಸ್ಕತ್ತಿನ ಮೂಟೆ ಎತ್ತುತ್ತಾನೆ.

ಮೇಡಂ ನಗುತ್ತಲೇ ಬಂದೂಕಿನ ಮೇಲೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿದರು. ಗೋದಾಮಿನಲ್ಲಿ ಎಲ್ಲರಿಗೂ ಸೇಫ್ ಅನ್ನಿಸಬೇಕಲ್ಲ.

ಶಿಮೋನಜ್ಜ ಚೀಟಿ ಕಿತ್ತು ಜೇಬಿಗೆ ತುರುಕಿ ಮಾತು ಶುರು ಮಾಡಿದ. ಅವನ ಇಂಗ್ಲಿಷೂ ನನ್ನದರಷ್ಟೇ ಕುಂಟು, ಹಾಗಾಗಿ ನನಗೆ ಪೂರ್ತಿ ತಿಳಿಯಿತು. ಅವನಂದದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

"ಸಾವಿರದ ಒಂಬೈನೂರಾ ಮೂವತ್ಮೂರನೇ ಇಸ್ವಿ, ಆಗಸ್ಟ್ ತಿಂಗಳಾ. ಸೈನ್ಯದ ಸಾಹೇಬ ಬಂದಾ, ಕುಂತು ಚಹಾ ಕುಡದಾ. ಬಂದೂಕು ಕೊಡ್ರಿ, ನಿಮ್ಮ ಜೀವಕ್ಕ ನಾ ಜವಾಬ್ದಾರಿ ಅಂದಾ. ಬಾಜೂ ಊರಾಗ ಕೊಟ್ರು. ಎರಡು ದಿನ ಬಿಟ್ಟು ಬಂದು ಅವರನ್ನೆಲ್ಲಾ ಕಡದು ಹಾಕಿದ್ರು. ನಮ್ಮಜ್ಜ ಕೊಡಲಿಲ್ಲ. ಹೆಂಗಸರು ಮಕ್ಕಳನ್ನ ಮುಂದ ಬಿಟ್ಟು, ತಾ ಬಂದೂಕು ಹಿಡದು ಹಿಂದ ನಡದು, ಹೊಳಿ ದಾಟಿಸಿದಾ. ನಮ್ಮವ್ವ ಆವಾಗ ನಾಕು ವರ್ಷದಾಕಿ. ಅಂವ ಕೊಟ್ಟಿದ್ರ ನಾ ಹುಟ್ಟತಿದ್ದಿಲ್ಲ."

"ವಂಡರ್‌ಫುಲ್. ಎಷ್ಟು ಪಾಸಿಟಿವ್ ಕಥೆ" ಎಂದು ಮೇಡಂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು; ಮೇಡಂ ತಟ್ಟುವಾಗ ಕೈಕಟ್ಟಿ ಕೂರಲು ನಾವೇನು ಪರ್ಮನೆಂಟೇ? ಚಹಾ ಕುಡಿದ ಆ ಸಾಹೇಬನ ಮುಖ ನನಗೆ ಚೆನ್ನಾಗಿ ಗೊತ್ತು ಅನ್ನಿಸಿತು.

ತ್ರಿವಿಕ್ರಮ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ನೆಕ್ಸ್ಟ್ ನೀವೇ. ದಸರಾ ಆನೆ ಫೋಟೋ ತೋರ್ಸಿ, ಎರಡು ಮಾತಾಡಿ, ಆಮೇಲೆ ಫೋನ್ ನನ್ ಕೈಗೆ. ನಿಮ್ ಲೆಟರ್ ಮೇಡಂ ಬ್ಯಾಗಲ್ಲಿದೆ." ಗೋಡೆಯ ದೊಡ್ಡ ಟಿವಿಯ ವೈರನ್ನು ತಾನೇ ನನ್ನ ಫೋನಿಗೆ ಚುಚ್ಚಿಕೊಟ್ಟ.

ಮೇಡಂ ಕಾಲ ಬಳಿ ಆ ಬ್ಯಾಗ್ ಕಾಣುತ್ತಿತ್ತು. ಅದರೊಳಗಿನ ಲೆಟರ್ ನನಗೆ ಬೇಕಿತ್ತು, ಈಗಲೂ ಬೇಕು.

"ಮೈ ಹೀರೋ, ಸರಸ್ವತಿ" ಎಂದು ಆ ವಿಡಿಯೋ ಒತ್ತಿದೆ.

ಟಿವಿಯಲ್ಲಿ ಸರಸ್ವತಿಯನ್ನು ಎಳೆಯುತ್ತಿದ್ದರು. ಅವಳ ಒಂದು ಬೂಟು ಕಳಚಿ ನೆಲದಲ್ಲೇ ಉಳಿಯಿತು. ತ್ರಿವಿಕ್ರಮನ ಧ್ವನಿ ಗೋದಾಮು ತುಂಬಿತು. ಅವನು ವೈರಿಗೆ ಕೈ ಹಾಕಲು ನುಗ್ಗಿದ. ಶಿಮೋನಜ್ಜ ಅಡ್ಡ ಬಂದು ಸುಮ್ಮನೆ ನಿಂತುಬಿಟ್ಟ.

"ಟ್ರಿವ್, ಇದು ನಿನ್ನ ಧ್ವನಿ ಅಲ್ವಾ? ಏನು ಹೇಳ್ತಿದೀಯ?" ಮೇಡಂ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನಥಿಂಗ್ ಮೇಡಂ. ಹೆಲ್ಪ್ ಮಾಡಿ, ನೀರು ಕೊಡಿ ಅಂತ..."

"ಸುಳ್ಳ ಬೊಗಳಬ್ಯಾಡಲೇ ಬಾಡ್ಯಾ" ಎಂದೆ. ಮೂರು ವರ್ಷದಲ್ಲಿ ನಾನು ಅವನಿಗೆ ಕೊಟ್ಟ ಮೊದಲ ಎದುರುತ್ತರ ಅದು. ಆಮೇಲೆ ವಿಡಿಯೋವನ್ನು ಮೊದಲಿನಿಂದ ಹಾಕಿ, ಒಂದೊಂದು ಮಾತಿಗೂ ನಿಲ್ಲಿಸಿ, ನನ್ನ ಇಂಗ್ಲಿಷಿನಲ್ಲಿ ಮೇಡಂಗೆ ಅರ್ಥ ಹೇಳುತ್ತಾ ಹೋದೆ. ಪೇಪರ್‌ವರ್ಕ್ ಎಂಬಲ್ಲಿಗೆ ಬಂದಾಗ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.