ಮ್ಯಾಗ್‌ಪೈ ತಿರುವು ದಾಟಿದ ಮೆರ್ಲ್

ಸೆಂಟೆನಿಯಲ್ ಪಾರ್ಕಿನೊಳಗೆ ಸುತ್ತು ಬರುವ ದೊಡ್ಡ ರಸ್ತೆಯಲ್ಲಿ ನಾನು ಸೈಕಲ್ ತುಳಿದಷ್ಟು ಸಿಡ್ನಿಯಲ್ಲಿ ಇನ್ನೊಬ್ಬ ತುಳಿದಿಲ್ಲ. ತುಳಿದೂ ತುಳಿದೂ ರಸ್ತೆ ಒಂದು ಗೇಣು ತಗ್ಗಾಗಿದೆ. ಅನುಮಾನವಿದ್ದವರು ಬಂದು ಅಳೆದುಕೊಳ್ಳಲಿ. ನನ್ನ ಗಂಟೆ ಕೇಳಿದರೆ ಕೊಳದ ಕಪ್ಪು ಹಂಸಗಳು ಎದ್ದು ನಿಲ್ಲುತ್ತವೆ. ಮೈಗಂಟಿದ ಬಣ್ಣದ ಚಡ್ಡಿ ತೊಟ್ಟ ಹುಡುಗರು ನನ್ನನ್ನು ಹಿಂದೆ ಹಾಕಿ ಬಾಣದಂತೆ ಹೋಗುವುದುಂಟು. ಪಾಪ, ಚಿಕ್ಕವರು, ಗೆಲ್ಲಲಿ ಎಂದು ನಾನೇ ಬಿಟ್ಟುಕೊಡುತ್ತೇನೆ.

ನನ್ನ ಹೆಂಡತಿ ಮೆರ್ಲಳಿಗೆ ಇಂಥ ಹುಚ್ಚಿಲ್ಲ. ಅವಳದು ನಿಧಾನದ ಸವಾರಿ. ಹ್ಯಾಂಡಲ್ಲಿಗೆ ಬುಟ್ಟಿ, ಬುಟ್ಟಿಯಲ್ಲಿ ಚಹಾದ ಫ್ಲಾಸ್ಕು. ಯಾರದೋ ನಾಯಿಯನ್ನು ಮಾತಾಡಿಸಲು ಒಮ್ಮೆ, ಕುದುರೆ ಸವಾರರಿಗೆ ದಾರಿ ಬಿಡಲು ಒಮ್ಮೆ ನಿಲ್ಲುವಳು. ನಾನು ಎರಡು ಸುತ್ತು ಮುಗಿಸುವಷ್ಟರಲ್ಲಿ ಅವಳದು ಅರ್ಧ. ಮದುವೆಯಾದಾಗಿನಿಂದ ಭಾನುವಾರವೆಂದರೆ ನಮಗೆ ಅದೇ.

ಹೋದ ವಸಂತದಲ್ಲಿ ಅದು ನಿಂತಿತು. ಇಲ್ಲಿ ವಸಂತ ಶುರುವಾಗುವ ಸೆಪ್ಟೆಂಬರಿನಲ್ಲಿ ಮ್ಯಾಗ್‌ಪೈಗಳು ಗೂಡು ಕಟ್ಟುತ್ತವೆ. ಗಂಡು ಹಕ್ಕಿಗೆ ತನ್ನ ಮರದ ಕೆಳಗೆ ಹೋಗುವ ಸೈಕಲ್ಲುಗಳೆಲ್ಲ ಶತ್ರುವೇ. ಬೇರೆ ಕಡೆ ಅದು ಕಾಗೆಯಷ್ಟು ದೊಡ್ಡ ಕಪ್ಪು ಬಿಳಿ ಹಕ್ಕಿ. ನಮ್ಮ ಪೇಪರ್‌ಬಾರ್ಕ್ ಮರಗಳ ತಿರುವಿನದು ಮಾತ್ರ ಕುರಿಮರಿಯಷ್ಟಿತ್ತು. ಹಿಂದಿನಿಂದ ಬಂದು ಮೆರ್ಲಳ ಕುತ್ತಿಗೆಗೆ ಕುಕ್ಕಿತು. ಅವಳು ಬಿದ್ದಳು, ಸೊಂಟದ ಮೂಳೆ ಮುರಿಯಿತು.

ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮತ್ತೆ ಸೆಪ್ಟೆಂಬರ್ ಬಂದಾಗ ಅವಳು ಚರ್ಚಿನ ಹಳೇ ಸಾಮಾನಿನ ಅಂಗಡಿಗೆ ಫೋನ್ ಮಾಡಿ, ಸೋಮವಾರ ಬಂದು ಸೈಕಲ್ ಒಯ್ಯಿರಿ ಎಂದುಬಿಟ್ಟಳು.

"ಭಾನುವಾರ ಒಂದು ಸಲ ನೋಡ್ತೀನಿ ಆಲ್ಫ್," ಎಂದಳು ನನಗೆ. "ಆ ತಿರುವು ದಾಟಿದ್ರೆ ಸರಿ. ಇಲ್ಲಾಂದ್ರೆ ಸೈಕಲ್ ಹೋಗ್ಲಿ. ಗ್ಯಾರೇಜಲ್ಲಿ ಅದರ ಮುಖ ನೋಡ್ಕೊಂಡು ಅಳಕ್ಕಾಗಲ್ಲ ನಂಗೆ."

ನಾನು ಸುಮ್ಮನಿರುವ ಪೈಕಿಯೇ? ಶನಿವಾರವಿಡೀ ಕೂತು ಇಬ್ಬರಿಗೂ ಯುದ್ಧದ ಉಡುಪು ಸಿದ್ಧಮಾಡಿದೆ. ಹೆಲ್ಮೆಟ್ಟಿನ ತುಂಬ ಮುಳ್ಳುಹಂದಿಯಂತೆ ಪ್ಲಾಸ್ಟಿಕ್ ಪಟ್ಟಿಗಳು. ಅದರ ಹಿಂದೆ ಐಸ್‌ಕ್ರೀಮ್ ಡಬ್ಬಿಯ ಮೇಲೆ ಬರೆದ ಎರಡು ಕೆಂಪು ಕಣ್ಣು. ಯಾರೋ ನೋಡುತ್ತಿದ್ದಾರೆ ಎಂದುಕೊಂಡರೆ ಹಕ್ಕಿ ಹಿಂದಿನಿಂದ ಎರಗುವುದಿಲ್ಲವೆಂದು ಇಷ್ಟನ್ನು ಊರಲ್ಲಿ ಎಲ್ಲರೂ ಮಾಡುತ್ತಾರೆ. ನಾನು ಎಲ್ಲರಂತಲ್ಲವಲ್ಲ, ಮುಖಕ್ಕೆ ಕಪ್ಪು ಕನ್ನಡಕ, ಮೂಗಿನ ತನಕ ಮಫ್ಲರ್ ಕೂಡ ಸುತ್ತಿದೆ.

ಪಾರ್ಕಿನ ಗೇಟಿನಲ್ಲಿ ಕಾಯುತ್ತಿದ್ದ ಪಕ್ಕದ ಮನೆಯ ಸ್ಟಾವ್ರೋಸ್ ನಮ್ಮನ್ನು ನೋಡಿ ಸೈಕಲ್ಲಿನಿಂದ ಇಳಿದೇಬಿಟ್ಟ.

"ಏನೋ ಆಲ್ಫ್, ಬ್ಯಾಂಕ್ ದರೋಡೆಗೆ ಹೊರಟ್ರಾ? ಇವತ್ತು ರಜಾ ಕಣೋ."

"ನಗು, ನಗು. ಕುಕ್ಕಿಸ್ಕೊಂಡಾಗ ನನ್ ಹತ್ರ ಬರ್ಬೇಡ."

"ನನ್ನ ಬೋಳು ತಲೆ ನೋಡಿದ್ರೆ ಹಕ್ಕಿ ತನ್ನ ಮೊಟ್ಟೆ ಅಂದ್ಕೊಂಡು ಕಾವು ಕೊಡುತ್ತೆ. ಮೆರ್ಲಕ್ಕ, ಒಳಗಿರೋದು ನೀವೇನಾ?"

"ನಾನೇ. ಉಸಿರಾಡಕ್ಕಾಗ್ತಿಲ್ಲ, ಮಾತಾಡಿಸ್ಬೇಡ," ಎಂದಳು ಮಫ್ಲರಿನೊಳಗಿಂದ ಮೆರ್ಲ್.

ಕೊಳದ ಬದಿಯಲ್ಲಿ ಅವಳು ಚೆನ್ನಾಗಿಯೇ ತುಳಿದಳು, ಸ್ಟಾವ್ರೋಸ್ ನಮ್ಮ ಹಿಂದೆಯೇ ಬಂದ. ಅಂಜೂರದ ಮರಗಳ ನೆರಳು ಕಳೆದು ತಿರುವು ಕಂಡದ್ದೇ ಅವಳ ಹ್ಯಾಂಡಲ್ ನಡುಗತೊಡಗಿತು. ನಾನು ಸೇನಾಪತಿಯ ಹಾಗೆ ಮುಂದೆ ನುಗ್ಗಿದೆ. ಮೇಲೆ ಕೊಂಬೆಯಿಂದ ಕರಿ ಮಿಂಚು ಇಳಿಯಿತು. ನನ್ನ ಡಬ್ಬಿ ಟಪ್ಪೆಂದಿತು, ನಾನು ಅಲ್ಲೇ ನಿಂತೆ. ಹಕ್ಕಿ ತಿರುಗಿ ಮೆರ್ಲಳ ತಲೆಯ ಕಡೆ ಹಾರಿತು. ಅವಳು ಚೀರಿ, ಬ್ರೇಕ್ ಒತ್ತಿ, ಎರಡೂ ಕಾಲು ನೆಲಕ್ಕೂರಿ ನಿಂತಳು.

"ಆಗಲ್ಲ ಆಲ್ಫ್! ವಾಪಸ್ ಹೋಗೋಣ!"

ಹಕ್ಕಿ ಮತ್ತೆ ಬಂತು. ಆಗ ಮೆರ್ಲಳಿಗೆ ಅದೇನು ಹೊಳೆಯಿತೋ, ಕನ್ನಡಕ ಕಿತ್ತಳು, ಮಫ್ಲರ್ ಎಳೆದು ಹುಲ್ಲಿಗೆ ಎಸೆದಳು, ಡಬ್ಬಿಯನ್ನೂ ಕಿತ್ತು ಬಿಸಾಡಿದಳು. ಬರೀ ಮುಖ ಮೇಲೆತ್ತಿ, "ಏಯ್ ಪೋಕರಿ! ನಾನು ಕಣೋ!" ಎಂದು ಗದರಿದಳು.

ನುಗ್ಗುತ್ತಿದ್ದ ಹಕ್ಕಿ ರೆಕ್ಕೆ ಬಿಚ್ಚಿ ಗಾಳಿಯಲ್ಲೇ ತಡೆದುಕೊಂಡಿತು. ಬೇಲಿಯ ಕಂಬದ ಮೇಲಿಳಿದು ತಲೆ ಓರೆ ಮಾಡಿ ಅವಳನ್ನೇ ನೋಡಿತು.

"ಚಳಿಗಾಲವೆಲ್ಲ ಕೋಲೂರ್ಕೊಂಡು ವಾಕಿಂಗ್ ಬರ್ತಿದ್ನಲ್ಲ," ಎಂದಳು ಮೆರ್ಲ್, ಕಣ್ಣು ಹಕ್ಕಿಯ ಮೇಲಿಂದ ತೆಗೆಯದೆ. "ಈ ಮರದ ತನಕ ಬರೋಷ್ಟ್ರಲ್ಲಿ ಸುಸ್ತಾಗೋದು. ಇಲ್ಲೇ ಕೂತು ಇವನಿಗೆ ದಿನಾ ಬೈತಿದ್ದೆ, ನನ್ನ ಸೊಂಟ ಮುರಿದ್ಯಲ್ಲೋ ಅಂತ. ಇವನು ಕಾಲ ಹತ್ರ ಹುಳ ಹೆಕ್ಕೊಂಡು ಕೇಳಿಸ್ಕೊಳ್ಳೋನು. ನನ್ನ ಮುಖ ಇವನಿಗೆ ಚೆನ್ನಾಗ್ ಗೊತ್ತು. ನೀನು ಅದನ್ನೇ ಮುಚ್ಚಿಟ್ಯಲ್ಲ, ದಡ್ಡ!"

ಹ್ಯಾಂಡಲ್ ಗಟ್ಟಿಯಾಗಿ ಹಿಡಿದಳು. ಪೆಡಲಿಗೆ ಕಾಲಿಟ್ಟಳು. ಒಂದು ತುಳಿತ, ಇನ್ನೊಂದು. ಹಕ್ಕಿ ಕಂಬದಿಂದ ಕದಲಲಿಲ್ಲ. ನನ್ನ ಮೆರ್ಲ್ ಮರದ ಕೆಳಗೆ, ಮನೆಯ ಅಂಗಳ ದಾಟುವವಳ ಹಾಗೆ ನಿಧಾನವಾಗಿ ದಾಟಿಹೋದಳು.

ಹಿಂದಿನಿಂದ ನೋಡುತ್ತ ನಿಂತ ನಾನು ನನ್ನ ಮುಖದ ಮೇಲೂ ಮಫ್ಲರಿದೆ ಎಂಬುದನ್ನು ಮರೆತೆ. ಹಕ್ಕಿ ಮರೆತಿರಲಿಲ್ಲ. ಬಂದು ಕಿವಿಗೆ ಕುಕ್ಕಿ ಮತ್ತೆ ಕಂಬಕ್ಕೆ ಹೋಯಿತು. ಒಂದು ಬಕೀಟು ರಕ್ತ ಹೋಗಿರಬೇಕು. ಸ್ಟಾವ್ರೋಸ್ ಒಂದು ಹನಿ ಎನ್ನುತ್ತಾನೆ.

"ಆಲ್ಫ್, ಬದುಕಿದ್ದೀಯಾ?" ತಿರುವಿನಾಚೆಯಿಂದ ಮೆರ್ಲ್ ಕೂಗಿದಳು. ಅವಳ ಆ ಗೆಲುವಿನ ದನಿ ಕೇಳಿ ಒಂದು ವರ್ಷವಾಗಿತ್ತು. ನಾನು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ.

"ಕುಕ್ಕಿದ್ದು ಕಿವಿಗೆ, ನೀರು ಕಣ್ಣಲ್ಲಿ ಯಾಕೋ?" ಎಂದ ಸ್ಟಾವ್ರೋಸ್.

"ಸುಮ್ನಿರೋ," ಎಂದೆ. ಆಮೇಲೆ ಕಂಬದ ಕಡೆ ತಿರುಗಿ ಹೆಲ್ಮೆಟ್ ತೆಗೆದು ಬಾಗಿದೆ. ರಾಜರ ಮುಂದೂ ನಾನು ಅಷ್ಟು ಬಾಗಿದವನಲ್ಲ. ಇವಳನ್ನು ಕೆಡವಿದ್ದೂ ನೀನೇ, ಮತ್ತೆ ಸೈಕಲ್ ಹತ್ತಿಸಿದ್ದೂ ನೀನೇ. ಇನ್ನೊಂದು ಕಿವಿ ಬೇಕಿದ್ದರೂ ತಗೋ ಮಹರಾಯ, ಎಂದು ಮನಸ್ಸಿನಲ್ಲೇ ಹೇಳಿದೆ. ಅದು ತಗೊಳ್ಳಲು ಹಾರಿ ಬಂದಿತು. ನಾನು ಆವತ್ತು ಪೆಡಲ್ ತುಳಿದ ವೇಗವನ್ನು ಆ ಬಣ್ಣದ ಚಡ್ಡಿಯ ಹುಡುಗರು ಈ ಜನ್ಮದಲ್ಲಿ ಮುಟ್ಟಲಾರರು.

ಸೋಮವಾರ ಚರ್ಚಿನ ಅಂಗಡಿಯ ವ್ಯಾನ್ ಬಂತು. ಸೈಕಲ್ ಕೊಡುವುದಿಲ್ಲ ಎಂದೆ. ಹಾಗೆಂದು ಬಂದವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಮೆರ್ಲ್ ಬಿದ್ದ ಮೇಲೆ, ಸೊಂಟ ಬಗ್ಗಿಸದೆ ಕೂರಲೆಂದು ಅವಳಿಗೆ ತಂದಿದ್ದ ಎತ್ತರದ ಕುರ್ಚಿಯನ್ನು ನಾನೇ ಹೊತ್ತು ತಂದು ವ್ಯಾನಿಗೆ ಏರಿಸಿದೆ.

"ಯಾರಿಗೂ ಬೇಡ್ವಾ ಸರ್ ಇದು?" ಎಂದ ಅವನು.

"ಬೇಡಪ್ಪ," ಎಂದೆ. "ದೇವರು ದೊಡ್ಡವನು, ನಮ್ಮನೇಲಿ ಈಗ ಯಾರೂ ಕೂತ್ಕೊಳ್ಳೋರಿಲ್ಲ."