ಮೊದಲ ಲೋಟ

ನೀರಿನ ಟ್ಯಾಂಕ್ ತೊಳೆಯುವ ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ತೊಳೆದು, ಹೊಸ ನೀರು ತುಂಬಿಸಿದ ಮೇಲೆ ನಲ್ಲಿಯಲ್ಲಿ ಬರುವ ಮೊದಲ ಲೋಟವನ್ನು ತೊಳೆದವನೇ ಗಿರಾಕಿಯ ಕಣ್ಣೆದುರು ಕುಡಿಯಬೇಕು. ಶುರು ಮಾಡಿದ್ದು ನಮ್ಮಪ್ಪ. ತಾನೇ ಕುಡಿಯಬೇಕೆಂದು ಗೊತ್ತಿದ್ದವನು ಯಾವ ಮೂಲೆಯನ್ನೂ ಬಿಡುವುದಿಲ್ಲ ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ವ್ಯವಹಾರ ಅಕ್ಕನ ಗಂಡನ ಕೈಗೆ ಬಂತು. ಭಾವ ಲೋಟವನ್ನು ಉಳಿಸಿಕೊಂಡು ಬ್ರಷ್ಷನ್ನು ಬಿಟ್ಟ. ಎದುರಿಗೆ ಅವನನ್ನು ನೀವು ಎನ್ನುತ್ತಿದ್ದೆ. ಇಲ್ಲಿ ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

ಹೋದ ವರ್ಷ ಭಾವನಿಗೆ ಮೌಲ್ಯಗಳ ಹುಚ್ಚು ಹಿಡಿಯಿತು. ತರಬೇತಿ ಕೊಡುವವನೊಬ್ಬನನ್ನು ಕರೆಸಿ ಗೋಡೌನಿನಲ್ಲಿ ನಮ್ಮನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದ. ಕಣ್ಣು ಮುಚ್ಚಿಕೊಂಡು, ಬದುಕಿನಲ್ಲಿ ಏನೇ ಆದರೂ ಬಿಟ್ಟುಕೊಡದಂಥದ್ದು ಯಾವುದು ಎಂದು ಯೋಚಿಸಿ ಎಂದ ಬಂದವನು. ಭಾವ ಕಣ್ಣು ಮುಚ್ಚಿದವನೇ ‘ಪಾರದರ್ಶಕತೆ’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂದಾಗ, ನನಗೆ ಹೊಲಸು ಕಂಡರೆ ಆಗುವುದಿಲ್ಲ ಎಂದೆ. ಅದು ಮೌಲ್ಯವಲ್ಲ, ಸ್ವಭಾವ ಎಂದು ತರಬೇತಿಯವನು ನಯವಾಗಿ ತಿದ್ದಿದ. ಆಮೇಲೆ ನಮ್ಮ ಅಂಗಿಗಳ ಬೆನ್ನಿಗೆ ಪ್ರಾಮಾಣಿಕತೆ, ಶುದ್ಧತೆ, ಕಾಳಜಿ ಎಂದು ಅಚ್ಚು ಹಾಕಿಸಿದರು. ಬೆನ್ನಿಗಿದ್ದದ್ದು ಭಾವನಿಗೆ ಅನುಕೂಲವೇ ಆಯಿತು, ಅವನ್ನು ತಾನು ಓದುವ ಗೋಜಿರಲಿಲ್ಲ.

ಹೀಗಿರುವಾಗ ಒಂದು ದಿನ ಶಿಶುವಿಹಾರವೊಂದರಲ್ಲಿ ಕೆಲಸವಿತ್ತು. ಅಂಗಳದಲ್ಲಿ ನೆಲದಡಿಯ ಸಂಪು, ತಾರಸಿಯ ಮೇಲೆ ಟ್ಯಾಂಕು. ನೀನು ಸಂಪಿಗಿಳಿ, ಮೇಲಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಭಾವ ಏಣಿ ಹತ್ತಿದ. ನಾನು ಸೊಂಟದವರೆಗೆ ಕೆಸರು ಮೆತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಅವನು ಆಗಲೇ ಕೆಳಗಿಳಿದು ನಿಂತಿದ್ದ. ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ. ಟ್ಯಾಂಕು ತೊಳೆದವನ ಬಟ್ಟೆ ಒದ್ದೆಯಾಗದೆ ಇರುವುದು ಹೇಗೆ? ಬಕೆಟ್ ತರುವ ನೆಪ ಮಾಡಿ ನಾನೂ ಏಣಿ ಹತ್ತಿದೆ.

ಮುಚ್ಚಳ ಸರಿಸಿದ ಕೂಡಲೆ ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು. ಅದರಡಿಯಲ್ಲಿ ಬೇರೆಯದೇ ಒಂದು ವಾಸನೆ. ಒಂದು ಪಾರಿವಾಳ ಉಬ್ಬಿ, ಗರಿ ಕಳಚಿಕೊಂಡು ತೇಲುತ್ತಿತ್ತು. ಗೋಡೆಗಳ ಲೋಳೆ ಕದಲಿರಲಿಲ್ಲ. ಅದರ ಮೇಲೆಯೇ ಪುಡಿ ಚೆಲ್ಲಿ, ಬೋರ್‌ವೆಲ್ಲಿನಿಂದ ಹೊಸ ನೀರು ಬಿಟ್ಟಿದ್ದ ಮಹಾರಾಯ. ದಡಬಡನೆ ಕೆಳಗಿಳಿದೆ.

ಅಷ್ಟರಲ್ಲಿ ಭಾವ ಶಿಶುವಿಹಾರ ನಡೆಸುವ ದೊಡ್ಡ ಟೀಚರ ಎದುರು ಲೋಟ ಹಿಡಿದು ನಿಂತಿದ್ದ. ನಾನು ಕೂಗಿದರೂ ತಿರುಗಲಿಲ್ಲ. ಒಂದೇ ಉಸಿರಿಗೆ ಕುಡಿದು, ತುಟಿ ಒರೆಸಿಕೊಂಡು, ಅಮೃತದಂತಿದೆ ಮೇಡಂ ಎಂದ. ಟೀಚರ ಮುಖ ಅರಳಿತು. ಬಾಟಲಿ ತುಂಬಿಸಿಕೊಳ್ಳಲಿ ಎಂದು ಮಕ್ಕಳನ್ನು ಕರೆತರಲು ಒಳಗೆ ಹೋದರು.

ಭಾವ ವ್ಯಾನಿನ ಹಿಂದಕ್ಕೆ ಹೋದ. ಪಾರಿವಾಳದ ವಿಷಯ ಹೇಳೋಣವೆಂದು ಬೆನ್ನಿಗೇ ಹೋದೆ. ಅವನು ಬಗ್ಗಿ ಎರಡು ಬೆರಳು ಗಂಟಲಿಗೆ ತುರುಕಿದ್ದ. ಕುಡಿದಷ್ಟೂ ನೀರು ಸದ್ದಿಲ್ಲದೆ ಹೊರಬಂತು, ಬಾಯಿ ಮುಕ್ಕಳಿಸಿ ಉಗಿದಷ್ಟು ಸಲೀಸಾಗಿ. ಬೆರಳು ಒರೆಸಿಕೊಂಡು ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡ.

“ಪ್ರತಿ ಸಲ ಹೀಗೇನಾ?” ಎಂದೆ.

“ವ್ಯಾಪಾರ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಕಣೋ. ಕಷ್ಟ ನನ್ನ ಹೊಟ್ಟೆಗೆ ತಾನೆ, ನಿನಗೇನು?”

“ಆ ಮಕ್ಕಳಿಗೆ ಬೆರಳು ಹಾಕ್ಕೊಳ್ಳೋದು ಯಾರು ಹೇಳ್ಕೊಡ್ತಾರೆ ಭಾವ?”

ತನ್ನ ಮನೆಯಲ್ಲಿ ಮಲಗಿ, ತನ್ನ ಅನ್ನ ತಿಂದು ತನಗೇ ಬುದ್ಧಿ ಹೇಳಬೇಡ ಎಂದ. ಪೆಪ್ಪರ್‌ಮಿಂಟಿನ ವಾಸನೆ ನನ್ನ ಮುಖಕ್ಕೆ ಬಡಿಯಿತು. ಸತ್ತ ಇಲಿ, ಜಿರಳೆ, ಹುಳ ಎಲ್ಲ ಕೈಯಾರೆ ಎತ್ತಿ ಹಾಕಿದವನು ನಾನು. ಯಾವುದಕ್ಕೂ ಇಷ್ಟು ಅಸಹ್ಯಪಟ್ಟಿರಲಿಲ್ಲ.

ಮಕ್ಕಳು ನಲ್ಲಿಯ ಹತ್ತಿರ ಬರುತ್ತಿದ್ದರು. ಓಡಿಹೋಗಿ ನಲ್ಲಿಗೆ ಅಡ್ಡ ನಿಂತೆ. ಟ್ಯಾಂಕಿನ ಕೊಳೆ ನೀರು ಹೊರಬಿಡುವ ವಾಲ್ವ್ ಪಕ್ಕದ ಗೋಡೆಯಲ್ಲೇ ಇತ್ತು, ಅದನ್ನು ಪೂರ್ತಿ ತಿರುಗಿಸಿಬಿಟ್ಟೆ. ಮೊದಲು ಕಂದು ನೀರು, ಆಮೇಲೆ ಲೋಳೆ, ಅದರ ಹಿಂದೆ ಗರಿಗಳು. ಎಲ್ಲವೂ ಅಂಗಳದಲ್ಲಿ ಹರಿದು ಪುಟ್ಟ ಪುಟ್ಟ ಶೂಗಳ ಕೆಳಗೆ ನುಗ್ಗಿತು. ಮಕ್ಕಳು ಮೂಗು ಹಿಡಿದುಕೊಂಡರು. ದೊಡ್ಡ ಟೀಚರು ಇದೇನು ಎಂದು ಬಾಯಿ ಬಿಡುವ ಮೊದಲೇ ಭಾವ ಕೈ ಮುಗಿದ.

“ತಪ್ಪಾಯ್ತು ಮೇಡಂ. ತೊಳ್ದಿದ್ದು ಇವನು. ಮನೆಯವನು ಅಂತ ನಂಬಿ ನಾನು ಕುಡಿದ್ಬಿಟ್ಟೆ.”

ಅವರು ನಮ್ಮಿಬ್ಬರನ್ನೂ ನೋಡಿದರು. ನಾನು ಸೊಂಟದವರೆಗೆ ಕೆಸರು, ಅವನು ಇಸ್ತ್ರಿ ಮುರಿಯದ ಅಂಗಿ. ಯಾರನ್ನು ನಂಬಬೇಕೆಂಬ ಅನುಮಾನವೇ ಅವರಿಗೆ ಬರಲಿಲ್ಲ. ಮೇಲೆ ಹತ್ತಿದ್ದು ನಮ್ಮ ಭಾವ ಮೇಡಂ, ನಾನು ಸಂಪಿನಲ್ಲಿದ್ದೆ ಎಂದರೆ ಕೇಳುವವರು ಯಾರು? ಇಂಥವರನ್ನು ಮಕ್ಕಳಿರುವ ಕಡೆ ಕರೆತರಬೇಡಿ ಎಂದು ಭಾವನಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಬೇಕೇ ಎಂದು ಅವನನ್ನೇ ವಿಚಾರಿಸಿದರು.

ನಾನು ಅಲ್ಲಿಂದ ಹೊರಟುಹೋಗಲಿಲ್ಲ. ನಾನು ಹೋದರೆ ಆ ಟ್ಯಾಂಕನ್ನು ಯಾರೂ ತೊಳೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಮೇಲೆ ಹತ್ತಿ, ಹಕ್ಕಿಯನ್ನು ಚೀಲಕ್ಕೆ ಹಾಕಿ, ಒಳಗಿಳಿದು ಕೈಗೆ ಬೊಬ್ಬೆ ಬರುವ ತನಕ ಉಜ್ಜಿದೆ. ಕೆಳಗೆ ಭಾವ ಟೀಚರಿಗೆ ತನ್ನ ಕಂಪನಿಯ ಮೌಲ್ಯಗಳನ್ನು ವಿವರಿಸುತ್ತಿದ್ದದ್ದು ಕೇಳಿಸುತ್ತಿತ್ತು.

ಸಂಜೆ ಮನೆಯಲ್ಲಿ ಅಕ್ಕ ಊಟ ಬಡಿಸಿದಳು. ಭಾವ ಕೋಣೆಯಲ್ಲಿ ಮಲಗಿದ್ದ. ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಈ ಅಕ್ಕ. ಅವಳೊಬ್ಬಳು ನಂಬಿದರೆ ಸಾಕಿತ್ತು. ಒಂದನ್ನೂ ಬಿಡದೆ ಹೇಳಿದೆ, ಬೆರಳಿನ ವಿಷಯವನ್ನೂ. ಅವಳು ಮೇಜು ಒರೆಸುತ್ತಲೇ ಇದ್ದಳು.

“ಗೊತ್ತು ಕಣೋ. ಬರೀ ಹೊಟ್ಟೇಲಿದ್ರೆ ಸಲೀಸಾಗಿ ಬರುತ್ತೆ ಅಂತ ಬೆಳಗ್ಗೆ ಏನೂ ತಿನ್ನಲ್ಲ ಅವರು. ಪಾಪ, ಹೀಗೆ ಒದ್ದಾಡಿ ತಾನೆ ನಮ್ಮನ್ನೆಲ್ಲ ಸಾಕ್ತಿರೋದು?”

ಬಾಯಲ್ಲಿದ್ದ ತುತ್ತನ್ನು ಬಚ್ಚಲಿಗೆ ಹೋಗಿ ಉಗಿದುಬಿಟ್ಟೆ. ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು ಬಂದಾಗ ಅಕ್ಕನ ಕಣ್ಣು ತುಂಬಿತ್ತು. ತಡೆಯುತ್ತಾಳೆಂದುಕೊಂಡೆ.

“ಬಾಗಿಲು ಮೆಲ್ಲಗೆ ಎಳ್ಕೊಂಡು ಹೋಗು,” ಎಂದಳು. “ಸುಸ್ತಾಗಿ ಮಲಗಿದಾರೆ.”

ನಾನು ಮೆಲ್ಲಗೆ ಎಳೆದುಕೊಳ್ಳಲಿಲ್ಲ.